ಬಲಕ್ಕೊಂದು ಉಸಿರು, ಎಡಕ್ಕೊಂದು ಉಸಿರು

ನಾನು ಮುಖ ತೊಳೆಯುವುದನ್ನು ಮೊದಲ ಸಲ ನೋಡಿದಾಗ ನನ್ನ ಗಂಡ ಹೆದರಿಬಿಟ್ಟಿದ್ದರು. ಲೋಕದಲ್ಲಿ ಎಲ್ಲರೂ ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೆ ಎರಚಿಕೊಂಡರೆ ನಾನು ಬಾಲ್ದಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಇಡೀ ಮುಖವನ್ನೇ ಒಳಗೆ ಮುಳುಗಿಸುತ್ತೇನೆ. ಮುಳುಗಿಸಿ ಸುಮ್ಮನಿರುವವಳೂ ಅಲ್ಲ. ಮೂಗಿನಿಂದಲೂ ಬಾಯಿಂದಲೂ ಗುಳುಗುಳು ಎಂದು ಗಾಳಿ ಬಿಡುತ್ತೇನೆ. ಆಮೇಲೆ ಕತ್ತನ್ನು ಬಲಕ್ಕೆ ಹೊರಳಿಸಿ, ಬಾಯಿಯನ್ನು ಸೊಟ್ಟ ಮಾಡಿ, ಒಂದು ಉಸಿರು ಎಳೆದುಕೊಂಡು ಮತ್ತೆ ಮುಳುಗುತ್ತೇನೆ. ಮುಂದಿನ ಸಲ ಎಡಕ್ಕೆ. ಹೊರಗೆ ಜಗಲಿಯಲ್ಲಿ ಕೂತಿದ್ದ ಅತ್ತೆಯವರು ಈ ಸದ್ದು ಕೇಳಿ, ಹುಡುಗಿಗೆ ದಮ್ಮಿನ ಕಾಯಿಲೆ ಇರುವುದನ್ನು ಮುಚ್ಚಿಟ್ಟು ಮದುವೆ ಮಾಡಿಕೊಟ್ಟಿದ್ದಾರೋ ಏನೋ ಎಂದು ಮಗನನ್ನು ಒಳಗೆ ಕರೆದು ಕೇಳಿದ್ದರಂತೆ.

ಅದು ದಮ್ಮಲ್ಲ, ಈಜು. ಹೀಗೆ ಹೇಳಿದರೆ ಇನ್ನಷ್ಟು ಗಾಬರಿಯಾಗುತ್ತಾರೆಂದು ನಾನೂ ವಿವರಿಸಲು ಹೋಗಲಿಲ್ಲ. ಅಂಕೋಲೆಯ ಸಮುದ್ರದ ದಂಡೆಯಲ್ಲಿ ಹುಟ್ಟಿ, ನಡೆಯುವುದನ್ನೂ ಈಜುವುದನ್ನೂ ಒಟ್ಟಿಗೇ ಕಲಿತವಳು ನಾನು. ಅಂಥವಳು ಹದಿಮೂರನೇ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ, ಅದೂ ಒಂದು ಬಾಲ್ದಿಯಲ್ಲಿ, ಈಜು ಕಲಿಯಬೇಕಾಯಿತು ಎಂದರೆ ನೀವಾದರೂ ನಂಬುತ್ತೀರೋ ಇಲ್ಲವೋ.

ನಮ್ಮ ಕೇರಿ ಕೇಣಿಯ ಕಡೆಗಿತ್ತು. ಅಪ್ಪ ದೋಣಿಗೆ ಹೋಗುತ್ತಿದ್ದ. ಆಯಿ, ಅಂದರೆ ನನ್ನ ಅಮ್ಮ, ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಆಯಿಯ ದನಿ ಎಂಥದೆಂದರೆ, ಅವಳು ಮಾರ್ಕೆಟ್ಟಿನಲ್ಲಿ ಕೂತು ಬಂಗಡೆ ಎಂದು ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದವರು ಇಳಿದು ಬರುತ್ತಾರೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಈ ದನಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ನೀರು ಇಳಿದ ಹೊತ್ತಿನಲ್ಲಿ ದೋಣಿಗಳು ದಂಡೆಯ ತನಕ ಬರುವುದಿಲ್ಲ. ಸ್ವಲ್ಪ ದೂರದಲ್ಲೇ ಲಂಗರು ಹಾಕಿ ಗಂಡಸರು ಅಲ್ಲಿಂದ ಈಜಿ ಬರುತ್ತಾರೆ. ಆಗ ಹೆಂಗಸರು ಮರಳಿನ ಮೇಲೆ ನಿಂತು ತಲೆ ಎಣಿಸುತ್ತಾರೆ. ಇದಕ್ಕೆ ಯಾರೂ ಯಾರನ್ನೂ ನೇಮಿಸಿದ್ದಲ್ಲ. ಕೈಯಲ್ಲಿ ಬುಟ್ಟಿ, ಬಾಯಲ್ಲಿ ಯಾರದೋ ಮನೆಯ ಸುದ್ದಿ, ಕಣ್ಣು ಮಾತ್ರ ನೀರಿನ ಮೇಲೆ. ಒಂದು ತಲೆ ಅಲೆಯ ಹಿಂದೆ ಮರೆಯಾಗಿ ಬೇಗ ಮೇಲೆ ಬಾರದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಯಾರಾದರೂ ಒಬ್ಬಳು ‘ತಲೆ ತೋರ್ಸೋ’ ಎಂದು ಕೂಗುತ್ತಾಳೆ. ನೀರಿನಲ್ಲಿದ್ದವನು ಎಲ್ಲಿದ್ದರೂ ನಿಂತು, ತಲೆ ಎತ್ತಿ, ಒಂದು ಕೈ ಮೇಲೆ ಮಾಡಿ ತೋರಿಸಬೇಕು. ತೋರಿಸಿದ ಮೇಲೆ ಸುದ್ದಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಮಕ್ಕಳಿಗೂ ಇದೇ ಕಾನೂನು. ಹೀಗಾಗಿ ನಮ್ಮ ಕೇರಿಯವರೆಲ್ಲ ಗಲ್ಲ ಎತ್ತಿಕೊಂಡೇ ಈಜುತ್ತಿದ್ದೆವು. ತಲೆ ಸದಾ ನೀರಿನ ಮೇಲೆ, ಕಣ್ಣು ದಂಡೆಯ ಮೇಲಿನ ಆಯಂದಿರ ಕಡೆಗೆ. ಈಗ ಫೋಟೋ ಇದ್ದಿದ್ದರೆ ನೋಡಿ ನಗಬಹುದಿತ್ತು, ಏನೋ ದೊಡ್ಡಸ್ತಿಕೆಯ ಹೆಂಗಸು ರಸ್ತೆಯ ಕೆಸರು ತಾಗದ ಹಾಗೆ ಮೂಗು ಮೇಲೆ ಮಾಡಿಕೊಂಡು ಹೋದಂತೆ ಕಾಣುತ್ತಿದ್ದಿರಬೇಕು. ನಮಗೆ ಅದೇ ಈಜು. ಬೇರೆ ಥರದ ಈಜು ಇದೆಯೆಂದು ಗೊತ್ತೂ ಇರಲಿಲ್ಲ.

ಆಯಿಯ ಎಣಿಕೆ ಉಳಿದವರ ಎಣಿಕೆಯ ಹಾಗಲ್ಲ. ಉಳಿದವರು ಮಾತಾಡುತ್ತ ಎಣಿಸಿದರೆ ಅವಳು ಬಾಯಿ ಮುಚ್ಚಿ ಎಣಿಸುತ್ತಿದ್ದಳು. ಕಾರಣ ಅವಳು ಯಾವತ್ತೂ ಹೇಳಲಿಲ್ಲ, ಅಪ್ಪ ಹೇಳಿದ. ನಾನು ಹುಟ್ಟುವ ಎಷ್ಟೋ ಮೊದಲು, ಆಯಿ ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ, ಒಂದು ಸಂಜೆ ಅವಳೇ ದಂಡೆಯಲ್ಲಿ ನಿಂತು ಎಣಿಸುತ್ತಿದ್ದಳಂತೆ. ಮತ್ತೆ ಮತ್ತೆ ಎಣಿಸಿದರೂ ಒಂದು ತಲೆ ಕಡಿಮೆಯೇ ಬಂತಂತೆ. ಅದು ಅವಳ ಅಣ್ಣನದು. ಅವಳಿಗೆ ಈಜು ಬರುತ್ತಿರಲಿಲ್ಲ, ಆಮೇಲೆ ಕಲಿಯಲೂ ಇಲ್ಲ. ಮೊಣಕಾಲಿನಿಂದ ಮೇಲೆ ಸಮುದ್ರದ ನೀರು ಸೋಕಿಸಿಕೊಳ್ಳದೆ ಸಮುದ್ರದಿಂದಲೇ ಬದುಕಿದ ಹೆಂಗಸು ಅವಳು.

ಇಂಥ ಕೇರಿಗೆ ಪಾಟೀಲ ಮಾಸ್ತರು ಬಂದರು. ನಾನು ಎಂಟನೇ ತರಗತಿಯಲ್ಲಿದ್ದೆ. ಎರಡು ಸಾವಿರದ ಇಸವಿ ಬಂದು ಮೂರ್ನಾಲ್ಕು ವರ್ಷವಾಗಿತ್ತು, ನಮ್ಮ ಕೇರಿಯಲ್ಲಿ ಒಂದಿಬ್ಬರ ಹತ್ತಿರ ಮೊಬೈಲು ಇತ್ತು. ಅಪ್ಪ ತನ್ನದನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ರಬ್ಬರು ಹಾಕಿ, ದೋಣಿಗೆ ಒಯ್ಯುತ್ತಿದ್ದ. ಬಿಚ್ಚುವಷ್ಟರಲ್ಲಿ ಫೋನು ನಿಂತುಹೋಗುತ್ತಿತ್ತು. ಮಾಸ್ತರು ಧಾರವಾಡ ಕಡೆಯವರು, ನಮ್ಮ ಹೈಸ್ಕೂಲಿಗೆ ದೈಹಿಕ ಶಿಕ್ಷಕರಾಗಿ ಬಂದವರು. ಹುಬ್ಬಳ್ಳಿಯ ಈಜುಕೊಳದಲ್ಲಿ ಕಲಿತು ಕಾಲೇಜಿನ ಕಾಲಕ್ಕೆ ಪದಕಗಳನ್ನೂ ಗೆದ್ದಿದ್ದರಂತೆ. ಆದರೆ ಸಮುದ್ರವನ್ನು ಕಂಡರೆ ಅವರಿಗೆ ಭಯ. ತಳ ಕಾಣದ ನೀರಿಗೆ ಇಳಿಯುವವರಲ್ಲ. ಪ್ಯಾಂಟು ಮಡಿಚಿಕೊಂಡು ಮೊಣಕಾಲಿನ ಮಟ್ಟದ ನೀರಿನಲ್ಲಿ ನಿಂತು ಸೀಟಿ ಊದುತ್ತಿದ್ದರು. ಈ ಒಂದು ವಿಷಯದಲ್ಲಿ ಅವರೂ ನಮ್ಮ ಆಯಿಯೂ ಒಂದೇ ಪಕ್ಷ.

ಕೇಣಿಯ ಹೊಳೆ ಸಮುದ್ರ ಸೇರುವ ಮೊದಲು ಒಂದು ಕಡೆ ಅಗಲವಾಗಿ ಸುಮ್ಮನೆ ನಿಲ್ಲುತ್ತದೆ. ಅಲ್ಲಿ ನಾವು ಹುಡುಗ ಹುಡುಗಿಯರು ಆಡುತ್ತಿದ್ದುದನ್ನು ಅವರು ಒಂದು ದಿನ ನೋಡುತ್ತ ನಿಂತರು. ನಾನು ಮೇಲೆ ಬಂದ ಕೂಡಲೇ ಕರೆದು, ನಿನ್ನ ಕೈಯಲ್ಲಿ ಒಳ್ಳೆಯ ಬಲವಿದೆ, ಆದರೆ ಆ ಬಲವೆಲ್ಲ ತಲೆಯನ್ನು ಹೊತ್ತುಕೊಂಡು ಹೋಗುವುದಕ್ಕೇ ಖರ್ಚಾಗುತ್ತಿದೆ ಎಂದರು. ತಲೆ ಮೇಲಿದ್ದರೆ ಸೊಂಟ ಕೆಳಗಿಳಿಯುತ್ತದೆ, ಸೊಂಟ ಇಳಿದರೆ ಕಾಲು ನೀರನ್ನು ಎಳೆದುಕೊಂಡು ಬರುತ್ತದೆ, ತಲೆ ಒಳಗೆ ಇಟ್ಟರೆ ಕಾಲು ತಾನಾಗಿ ಮೇಲೆ ಬರುತ್ತದೆ ಎಂದು ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಕೊನೆಗೆ ಅವರ ಇಡೀ ಶಾಸ್ತ್ರ ಒಂದೇ ಮಾತಿಗೆ ಬಂತು. “ಮಾರಿ ನೀರಾಗ ಇಡವಾ.”

ಮಾರಿ ಎಂದರೆ ನಮಗೆ ದೇವಿ. ಅವರ ಕಡೆ ಅದು ಮುಖ ಎಂದು ತಿಳಿಯಲು ನಮಗೆ ಒಂದು ದಿನ ಹಿಡಿಯಿತು. ಅದನ್ನು ನೀರಿನಲ್ಲಿ ಇಡಲು ತಿಂಗಳುಗಳೇ ಹಿಡಿದವು.

ತಮಾಷೆ ಅಲ್ಲ ಅದು. ಮುಖ ಒಳಗೆ ಹಾಕಿದರೆ ನನಗೆ ದಂಡೆ ಕಾಣುವುದಿಲ್ಲ. ದಂಡೆ ಕಾಣದಿದ್ದರೆ ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯುವುದಿಲ್ಲ. ನಾಲ್ಕು ಕೈ ಬೀಸುವಷ್ಟರಲ್ಲಿ ಅಡ್ಡಾದಿಡ್ಡಿ ಹೋಗಿ ಯಾರದೋ ಬಲೆ ಕಟ್ಟಿದ ಗೂಟಕ್ಕೆ ತಲೆ ಹೊಡೆದುಕೊಳ್ಳುತ್ತಿದ್ದೆ. ಉಸಿರು ಬಿಡುವುದು ಯಾವಾಗ, ತೆಗೆದುಕೊಳ್ಳುವುದು ಯಾವಾಗ ಎಂಬುದೂ ತಲೆಕೆಳಗಾಗಿ ಹೊಳೆಯ ಉಪ್ಪು ನೀರನ್ನು ನಾನು ಆ ವರ್ಷ ಕುಡಿದಷ್ಟು ಗಂಜಿಯನ್ನೂ ಕುಡಿದಿರಲಿಕ್ಕಿಲ್ಲ. ಆಗಲೇ ಮಾಸ್ತರು ಬಾಲ್ದಿಯ ಪಾಠ ಕೊಟ್ಟದ್ದು. ಮನೆಯಲ್ಲಿ ಬಾಲ್ದಿ ತುಂಬಿಸಿ ಮುಖ ಇಟ್ಟು ಗಾಳಿ ಬಿಡು, ಪಕ್ಕಕ್ಕೆ ಹೊರಳಿ ಉಸಿರು ತಗೋ, ತಲೆ ಎತ್ತಬೇಡ, ಹೊರಳಿಸು ಎಂದು. ನಮ್ಮ ಅಲ್ಯೂಮಿನಿಯಮ್ಮಿನ ಬಾಲ್ದಿಗೆ ಒಂದು ಕಡೆ ನೆಗ್ಗು ಬಿದ್ದಿತ್ತು. ಬಲಕ್ಕೆ ಹೊರಳಿದಾಗ ಕೆನ್ನೆ ಸರಿಯಾಗಿ ಆ ನೆಗ್ಗಿನಲ್ಲಿ ಕೂರುತ್ತಿತ್ತು. ಹೀಗಾಗಿ ನನಗೆ ಬಲಗಡೆಯ ಉಸಿರು ರೂಢಿಯಾಯಿತು, ಎಡಗಡೆಯದು ಬರಲೇ ಇಲ್ಲ. ಎರಡೂ ಕಡೆ ಬಾರದಿದ್ದರೆ ಮೈ ಒಂದೇ ಕಡೆ ವಾಲಿ ಸೊಟ್ಟ ಹೋಗುತ್ತೀ ಎಂದು ಮಾಸ್ತರು ದಿನಾ ಹೇಳುವರು, ನಾನು ದಿನಾ ಹೂಂ ಎನ್ನುವೆನು.

ಸಾಮಾನಿನ ವಿಷಯಕ್ಕೆ ಬಂದರೆ, ನಮ್ಮ ಈಜುಕೊಳದ ಸಾಲುಗಳು ಹಳೆಯ ಬಲೆಯ ಬೆಂಡುಗಳನ್ನು ಪೋಣಿಸಿದ ಹಗ್ಗಗಳು. ಗೋಡೆ ಮಾತ್ರ ಇರಲಿಲ್ಲ. ತಿರುಗುವಾಗ ಗೋಡೆಗೆ ಕಾಲು ಒದ್ದು ಚಿಮ್ಮಬೇಕು ಎಂದು ಮಾಸ್ತರು ಹೇಳಿದ ಮೇಲೆ ಅಪ್ಪ ತನ್ನ ಸಣ್ಣ ದೋಣಿಯನ್ನು ತಂದು ಅಡ್ಡ ನಿಲ್ಲಿಸಿಕೊಟ್ಟ. ನಾನು ಜೋರಾಗಿ ಬಂದು ದೋಣಿಗೆ ಒದ್ದೆ. ದೋಣಿ ಮುಂದೆ ಹೋಯಿತು, ನಾನು ಇದ್ದಲ್ಲೇ ಉಳಿದೆ. ದೋಣಿಯೊಳಗೆ ಬೀಡಿ ಹಚ್ಚುತ್ತಿದ್ದ ಅಪ್ಪ ಅಂಗಾತ ಬಿದ್ದ. ಆಮೇಲೆ ದೋಣಿ ಕಟ್ಟುವ ಧಕ್ಕೆಯ ಕಲ್ಲುಗೋಡೆಗೆ ಹಳೆಯ ಲಾರಿ ಟಯರು ಇಳಿಬಿಟ್ಟು ಅದಕ್ಕೆ ಒದೆಯುವುದನ್ನು ಕಲಿತೆವು.

ಒಮ್ಮೆ ಮಾಸ್ತರು ದೊಡ್ಡ ದೊಡ್ಡ ಈಜುಗಾರರ ಪಂದ್ಯಗಳಿದ್ದ ಒಂದು ಸಿಡಿ ತಂದರು. ಕೇರಿಯಲ್ಲಿ ಟಿವಿಯ ಜೊತೆ ಸಿಡಿ ಪ್ಲೇಯರೂ ಇದ್ದ ಮನೆಯ ಜಗಲಿಯಲ್ಲಿ ಹಾಕಿದೆವು. ನಮಗೆ ತೋರಿಸಬೇಕೆಂದು ತಂದದ್ದು, ಆದರೆ ಮುಂದೆ ಬಂದು ಕೂತವರು ಹೆಂಗಸರು. ಈಜುಗಾರರು ಎಲ್ಲ ಒಟ್ಟಿಗೆ ಧುಮುಕಿ ನೀರಿನೊಳಗೇ ಬಹಳ ದೂರ ಹೋದಾಗ ಜಗಲಿ ಸ್ತಬ್ಧವಾಯಿತು. ಅವರು ಮೇಲೆ ಬಂದ ತಕ್ಷಣ ಹೆಂಗಸರು ಎಣಿಸತೊಡಗಿದರು. ಒಬ್ಬಳ ಲೆಕ್ಕಕ್ಕೆ ಒಂದು ತಲೆ ಕಡಿಮೆ ಬಂದು, ತಿರುಗಿ ಹಾಕಿ ಎಂದು ಗದ್ದಲ ಮಾಡಿ, ಮಾಸ್ತರು ಎರಡೆರಡು ಸಲ ಹಾಕಿ ತೋರಿಸಬೇಕಾಯಿತು. ಎಲ್ಲ ತಲೆಗಳೂ ಸಿಕ್ಕಿದ ಮೇಲೆ ಯಾರು ಗೆದ್ದರು ಎಂದು ಯಾರೂ ಕೇಳಲಿಲ್ಲ. ಆಯಿ ಮಾತ್ರ ಅವರು ಧುಮುಕಿದ ಹೊತ್ತಿಗೇ ಎದ್ದು ಹೋಗಿದ್ದಳು.

ಆ ಚಳಿಗಾಲ ಜಿಲ್ಲೆಯ ಆಯ್ಕೆ ಪಂದ್ಯ ಇತ್ತು. ಕಾರವಾರದ ಆಚೆ ಒಂದು ದೊಡ್ಡ ಕಾಲನಿಯೊಳಗಿನ ಈಜುಕೊಳದಲ್ಲಿ. ಕೊಳದ ಉದ್ದ ಒಮ್ಮೆ ಹೋಗುವುದು, ಒಮ್ಮೆ ಬರುವುದು, ಮೊದಲ ಇಬ್ಬರಿಗೆ ರಾಜ್ಯಮಟ್ಟಕ್ಕೆ ಹೋಗುವ ಅವಕಾಶ. ರಾಜ್ಯಮಟ್ಟ ಎಂದರೇನೆಂದು ನನಗೆ ಅಷ್ಟು ಗೊತ್ತಿರಲಿಲ್ಲ. ನನಗೆ ಬೇಕಾಗಿದ್ದು ಅಲ್ಲಿಗೆ ಹೋಗುವವರಿಗೆ ಕೊಡುತ್ತಿದ್ದ ನೀಲಿ ಟ್ರ್ಯಾಕ್‌ಸೂಟು. ಬೆನ್ನಿನ ಮೇಲೆ ದೊಡ್ಡದಾಗಿ ಜಿಲ್ಲೆಯ ಹೆಸರು. ಅದನ್ನು ಹಾಕಿಕೊಂಡು ಅಂಕೋಲೆ ಪೇಟೆಯಲ್ಲಿ ಆಯಿಯ ಬುಟ್ಟಿಯ ಮುಂದೆ ಸುಮ್ಮನೆ ಎರಡು ಸಲ ಆಚೀಚೆ ಓಡಾಡಬೇಕೆಂಬುದು ನನ್ನ ಜೀವನದ ಗುರಿಯಾಗಿತ್ತು.

ಆಯಿ ಅವತ್ತು ಮಾರಾಟ ಬಿಟ್ಟು ನನ್ನ ಜೊತೆ ಬಂದಳು. ಬರಬೇಡ ಎಂದು ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಸೀಟಿ ಊದಿದರು. ಧುಮುಕಿದೆ. ಮಾಸ್ತರು ಹೇಳಿದ ಹಾಗೆ ಮುಖ ಒಳಗಿಟ್ಟೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಪ್ಪು ಪಟ್ಟೆ ನೋಡಿ ನನಗೆ ಆಶ್ಚರ್ಯವೇ ಆಯಿತು. ಕಾಲು ತಾನಾಗಿ ಮೇಲೆ ಬಂತು, ಮೈ ಹಗುರಾಯಿತು. ನಾನು ಮುಂದಿದ್ದೆ, ಇದು ಜಂಬವಲ್ಲ, ಆಮೇಲೆ ಮಾಸ್ತರೇ ಹೇಳಿದ್ದು. ಗೋಡೆಗೆ ಒದ್ದು ತಿರುಗಿ ಅರ್ಧ ದಾರಿ ಬಂದಿದ್ದೆ. ಉಸಿರಿಗೆ ಬಲಕ್ಕೆ ಹೊರಳಿದ ಆ ಚೂರು ಹೊತ್ತಿನಲ್ಲಿ, ಬಂಗಡೆ ಮಾರುವ ಆ ದನಿ ಇಡೀ ಕೊಳದ ಮೇಲೆ ಹಾದು ನನ್ನ ಕಿವಿಗೆ ಬಿತ್ತು.

“ತಲೆ ತೋರ್ಸೇ ನೀಲೂ!”

ನಾನು ನಿಂತೆ. ಯೋಚಿಸಲಿಲ್ಲ, ಹುಟ್ಟಿದಾಗಿನಿಂದ ಬಂದ ರೂಢಿ. ಪಂದ್ಯದ ನಟ್ಟನಡುವೆ ನಿಂತು, ತಲೆ ಎತ್ತಿ, ಬಲಗೈಯನ್ನು ಪೂರ್ತಿ ಮೇಲೆ ಮಾಡಿ ತೋರಿಸಿದೆ. ಪಕ್ಕದ ಸಾಲುಗಳ ಹುಡುಗಿಯರು ನನ್ನನ್ನು ದಾಟಿ ಹೋದರು. ಕೈ ಎತ್ತಿದ್ದನ್ನು ಕಂಡು ನಾನು ಮುಳುಗುತ್ತಿದ್ದೇನೆಂದು ತಿಳಿದ ಕಾಲನಿಯ ಕಾವಲಿನವನು ಬೂಟು, ಪ್ಯಾಂಟು, ಕೈಗಡಿಯಾರದ ಸಮೇತ ಧುಮುಕಿ ನನ್ನ ಜಡೆ ಹಿಡಿದು ಎಳೆದುಕೊಂಡು ದಡಕ್ಕೆ ತಂದ. ನನಗೆ ಈಜು ಬರುತ್ತದೆ ಎಂದು ಎಷ್ಟು ಹೇಳಿದರೂ ಆತ ಬಿಡಲಿಲ್ಲ, ನನ್ನನ್ನು ಬೋರಲು ಮಲಗಿಸಿ ಬೆನ್ನು ಒತ್ತಿದ.

ಹಿಂದೆ ಬರುವಾಗ ಬಸ್ಸಿನಲ್ಲಿ ಮಾಸ್ತರು ಮುಂದಿನ ಸೀಟಿನಲ್ಲಿ ಕೂತು ಸಮುದ್ರ ನೋಡಿದರು, ನಾನು ಹಿಂದಿನ ಸೀಟಿನಲ್ಲಿ ಕೂತು ಅತ್ತೆ. ಆಯಿ ನನ್ನ ಒದ್ದೆ ಕೂದಲು ಒರೆಸುತ್ತ, ಮುಖ ಮುಚ್ಚಿಕೊಂಡು ಈಜುವ ಈಜು ನಮಗೆ ಬೇಡ, ಇವತ್ತಿಗೆ ಮುಗಿಯಿತು ಎಂದಳು. ಮುಗಿಯಿತು ಎಂದರೆ ಮುಗಿಯಿತು. ಹೊಳೆಗೆ ಹೋಗುವುದು ನಿಂತಿತು. ಮೀನಿನ ಮುಖ ಯಾವಾಗಲೂ ನೀರಿನಲ್ಲೇ ಇರುತ್ತದಲ್ಲ ಎಂದು ಅಪ್ಪ ನನ್ನ ಪರವಾಗಿ ವಾದಿಸಲು ನೋಡಿದ. ಅದಕ್ಕೇ ಅವು ನನ್ನ ಬುಟ್ಟಿಗೆ ಬರುತ್ತವೆ ಎಂದು ಆಯಿ ಬಾಯಿ ಮುಚ್ಚಿಸಿದಳು.

ನನಗೆ ಅವಳ ಮೇಲೆ ಬಹಳ ಸಿಟ್ಟು ಬಂದಿತ್ತು. ಎಷ್ಟೋ ದಿನ ಮಾತು ಬಿಟ್ಟಿದ್ದೆ. ಆದರೆ ಮಾತು ಬಿಟ್ಟವಳಿಗೂ ಹೊಟ್ಟೆ ಹಸಿಯುತ್ತದೆ, ಅವಳ ಕೈಯ ತಾರ್ಲೆ ಮೀನಿನ ಸಾರು ಬೇಕಾಗುತ್ತದೆ. ಹೀಗಾಗಿ ಊಟದ ಹೊತ್ತು ಬಿಟ್ಟು ಉಳಿದ ಹೊತ್ತು ಮಾತ್ರ ಸಿಟ್ಟು ಎಂದು ನನ್ನೊಳಗೇ ಒಪ್ಪಂದ ಮಾಡಿಕೊಂಡಿದ್ದೆ.

ಬೇಸಿಗೆ ರಜೆಗೆ ಊರಿಗೆ ಹೋಗುವ ಮೊದಲು ಮಾಸ್ತರು ನಮ್ಮ ಮನೆಗೆ ಬಂದರು. ಮೀನು ತಿನ್ನದ ಮನುಷ್ಯನಿಗೆ ಏನು ಕೊಡುವುದೆಂದು ತೋಚದೆ ಆಯಿ ಒಂದು ತಟ್ಟೆ ಇಶಾಡ ಮಾವಿನ ಹಣ್ಣು ಕೊಯ್ದು ಮುಂದಿಟ್ಟಳು. ಅವರು ಹಣ್ಣು ತಿನ್ನುತ್ತ, ಹುಡುಗಿಯ ಕೈಯಲ್ಲಿ ಬಲವಿದೆ, ಮುಂದಿನ ವರ್ಷ ಖಂಡಿತ ಆಯ್ಕೆಯಾಗುತ್ತಾಳೆ ಎಂದೆಲ್ಲ ಹೇಳಿದರು. ಆಯಿ ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿದಳು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದಳು.

“ಅಲ್ಲ ಮಾಸ್ತರೇ, ಮುಖ ಒಳಗೇ ಇದ್ರೆ ಹುಡ್ಗಿ ಇದ್ದದೋ ಇಲ್ವೋ ಅಂತ ನಾ ಹ್ಯಾಂಗೆ ತಿಳ್ಕಳೂದು?”

ಮಾಸ್ತರು ತಿನ್ನುತ್ತಿದ್ದ ಹೋಳನ್ನು ಕೆಳಗಿಟ್ಟರು. ಆಯಿಯ ಅಣ್ಣನ ವಿಷಯ ಅವರಿಗೆ ಅಪ್ಪ ಹೇಳಿದ್ದನೋ ಏನೋ, ನನಗೆ ಗೊತ್ತಿಲ್ಲ. ಕೈ ಒರೆಸಿಕೊಂಡು ಹೇಳಿದರು. “ಅಕ್ಕಾರ, ಆಕಿ ಉಸಿರು ಬಲಕ್ಕ ತಗೋತಾಳ್ರಿ. ನೀವು ಬಲಗಡೆ ನಿಂದರ್ರಿ. ಎರಡು ಕೈಗೊಮ್ಮೆ ಮಾರಿ ಕಾಣತೈತಿ. ಪೂರಾ ಅಲ್ಲ, ಅರ್ಧ.”

ಅರ್ಧ ಮುಖದ ಲೆಕ್ಕ ಆಯಿಗೆ ಒಪ್ಪಿಗೆಯಾಯಿತೋ ಇಲ್ಲವೋ ತಿಳಿಯಲಿಲ್ಲ. ಉಳಿದ ಹಣ್ಣುಗಳನ್ನು ಕೊಟ್ಟೆಯಲ್ಲಿ ಕಟ್ಟಿ ಅವರ ಕೈಗೆ ಕೊಟ್ಟಳು.

ಮಳೆಗಾಲ ಬಂತು. ದೋಣಿಗಳು ದಂಡೆಯ ಮೇಲೆ ಬಂದು ತೆಂಗಿನ ಗರಿಯ ಕೆಳಗೆ ಕೂತವು. ಹೊಳೆಗೆ ಹೋಗಬೇಡ ಎಂದಿದ್ದಳೇ ಹೊರತು ಬಾಲ್ದಿಗೆ ಹೋಗಬೇಡ ಎಂದಿರಲಿಲ್ಲವಲ್ಲ, ನಾನು ಶಾಲೆಯಿಂದ ಬಂದವಳು ಹಿಂದಿನ ಚಪ್ಪರದಲ್ಲಿ ಬಾಲ್ದಿ ಇಟ್ಟುಕೊಂಡು ಗುಳುಗುಳು ಮಾಡುತ್ತ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಮುಖ ಎತ್ತಿದರೆ ಎದುರಿಗೆ ಆಯಿ ನಿಂತಿದ್ದಾಳೆ. ಒಣಮೀನು ಮಾರಿ ಬಂದವಳು, ತಲೆಯ ಮೇಲಿನ ಸಿಂಬಿಯನ್ನೂ ತೆಗೆದಿರಲಿಲ್ಲ. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಸರಿ ಎಂದಳು. ಅಂದರೆ ಏಳು, ಸರಿದು ಕೂರು ಎಂದು. ನಾನು ಸರಿದೆ. ಅವಳು ಸಿಂಬಿ ತೆಗೆದಿಟ್ಟು ಬಾಲ್ದಿಯ ಮುಂದೆ ಕೂತಳು, ಮೂಗುತಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು, ಕಣ್ಣು ಮುಚ್ಚಿ ಮುಖವನ್ನು ನೀರಿನೊಳಗೆ ಇಟ್ಟಳು.

ನನ್ನ ಆಯಿ, ಮೊಣಕಾಲಿನಿಂದ ಮೇಲೆ ನೀರು ಮುಟ್ಟಿಸಿಕೊಳ್ಳದವಳು. ಅಂಬಾಡೆ ಕಟ್ಟಿದ ತುರುಬಿನ ಅಬ್ಬಲಿಗೆ ಹೂವು ಮಾತ್ರ ಹೊರಗೆ ಕಾಣುತ್ತಿತ್ತು. ನನಗೆ ಗಾಬರಿಯಾಗಿ ಆಯೀ ಆಯೀ ಎಂದು ಕೂಗಿದೆ. ಅವಳು ಏಳಲಿಲ್ಲ. ಇನ್ನೊಮ್ಮೆ ಜೋರಾಗಿ ಕೂಗಿ ಭುಜ ಹಿಡಿದು ಅಲ್ಲಾಡಿಸಿದೆ. ಆಗ ಎದ್ದಳು, ಕೆಮ್ಮಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಕೂಗಿದ್ದು ಕೇಳಲಿಲ್ಲವೇ ಎಂದು ಕೇಳಿದೆ.

“ಒಳಗೆ ಎಂತದೂ ಕೇಳೂದಿಲ್ಲಲ್ಲೇ,” ಎಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು, ನೀರಿನಿಂದಲೇ ಇರಬೇಕು ಎಂದುಕೊಂಡೆ. “ನಾ ಕೂಗಿದ್ದು ಅವಂಗೆ ಕೇಳಿರೂದೇ ಇಲ್ಲ.”

ಅವನು ಎಂದರೆ ಯಾರೆಂದು ನಾನು ಕೇಳಲಿಲ್ಲ. ಅಣ್ಣನಿಗೆ ಕೇಳಿಯೂ ಅವನು ತಲೆ ತೋರಿಸಲಿಲ್ಲ ಎಂದು ಅಷ್ಟು ವರ್ಷ ಅವಳೊಳಗೆ ಒಂದು ಮುನಿಸು ಇತ್ತೋ, ತಾನು ಇನ್ನೂ ಜೋರಾಗಿ ಕೂಗಬೇಕಿತ್ತು ಎಂಬ ಸಂಕಟ ಇತ್ತೋ, ನನಗೆ ತಿಳಿಯದು. ಅವತ್ತು ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಒದ್ದೆ ತೋಳಿಗೆ ಒರಗಿಕೊಂಡೆ. ಮಾತು ಬಿಟ್ಟಿದ್ದೆಲ್ಲ ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು, ಮುಖ ಹೊರಳಿಸಿದಾಗ ಕೇಳುತ್ತದೆಯೋ ಎಂದು. ಆ ಚೂರು ಹೊತ್ತು ಕೇಳುತ್ತದೆ ಎಂದೆ. ಅಷ್ಟು ಸಾಕು ಎಂದು ಎದ್ದು ಒಲೆ ಹೊತ್ತಿಸಲು ಹೋದಳು.

ಚೌತಿ ಕಳೆದು ಹೊಳೆ ತಿಳಿಯಾದ ಮೇಲೆ ಆಯಿ ತಾನೇ ನನ್ನನ್ನು ಕರೆದುಕೊಂಡು ಹೋಗಿ ಮಾಸ್ತರ ಮುಂದೆ ನಿಲ್ಲಿಸಿದಳು. ಅವಳದೂ ಒಂದು ಅಭ್ಯಾಸ ಶುರುವಾಯಿತು. ನಾನು ಈಜುವಾಗ ದಡದ ಮೇಲೆ ನನ್ನ ಜೊತೆ ಜೊತೆಗೇ ನಡೆಯುತ್ತ, ನನ್ನ ಮುಖ ಹೊರಗೆ ಬಂದ ಹೊತ್ತಿಗೆ ಸರಿಯಾಗಿ ಕೂಗುವುದು. ನೀಲೂ ಎಂದರೆ ಉದ್ದವಾಯಿತು, ಅರ್ಧ ಹೆಸರು ನೀರಿನ ಹೊರಗೆ, ಅರ್ಧ ಒಳಗೆ ಆಗುತ್ತಿತ್ತು. ಒಂದೇ ಅಕ್ಷರದ್ದು ಬೇಕಿತ್ತು. ಕೊನೆಗೆ ‘ಬಾ’ ಎಂಬುದಕ್ಕೆ ಬಂದು ನಿಂತಳು. ಮೊದಮೊದಲು ಅವಳ ಬಾ ಯಾವಾಗಲೂ ತಡ. ನಾನು ಮುಖ ಒಳಗೆ ಹಾಕಿದ ಮೇಲೆ ಕೂಗುವಳು. ವಾರ ಕಳೆಯುವಷ್ಟರಲ್ಲಿ ನನ್ನ ಕೈ ಏಳುವುದನ್ನು ನೋಡಿಯೇ ಮುಂದಿನ ಉಸಿರು ಯಾವಾಗ ಎಂದು ತಿಳಿಯತೊಡಗಿದಳು. ನಾನು ದಣಿದು ಉಸಿರು ತಡವಾದರೆ ಮಾಸ್ತರಿಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು. ಬಾ, ಬಾ, ಬಾ ಎಂದು ಅವಳು ಒಂದೇ ಹದದಲ್ಲಿ ಕೂಗುತ್ತಿದ್ದರೆ ನನ್ನ ಕೈಗಳೂ ಅದೇ ಹದಕ್ಕೆ ಬೀಳುತ್ತಿದ್ದವು.

ಆದರೆ ಒಂದು ತೊಡಕು ಬಂತು. ಹೋಗುವಾಗ ನನ್ನ ಬಲಗಡೆ ಆಯಿಯ ದಡ. ತಿರುಗಿ ಬರುವಾಗ ನನ್ನ ಬಲಗಡೆ ಆಚೆಯ ದಡ, ಅಲ್ಲಿ ಕಾಂಡ್ಲ ಗಿಡಗಳು ಮತ್ತು ಕೊಕ್ಕರೆಗಳು. ಆಯಿಗೆ ಕಾಣುವುದು ನನ್ನ ಹಿಂದಲೆ ಮಾತ್ರ.

“ಹೋಗ್ತಾ ಕಾಣ್ತೆ, ಬರ್ತಾ ಕಾಣೂದಿಲ್ಲ ನೀನು,” ಎಂದಳು. “ಅರ್ಧಕ್ಕೆ ಒಪ್ಪಿದ್ದೆ, ಅದ್ರಲ್ಲೂ ಅರ್ಧ ಮಾಡಿದ್ರೆ ಹ್ಯಾಂಗೆ?”

ಕೊಳದಲ್ಲಾದರೆ ಅವಳು ಸುತ್ತು ಹಾಕಿ ಆಚೆ ಓಡಬಹುದು ಎಂದು ಅಪ್ಪ ಸೂಚಿಸಿದ. ಆಯಿ ಸೀರೆ ಎತ್ತಿ ಕಟ್ಟಿಕೊಂಡು ಓಡುವ ಚಿತ್ರವನ್ನು ನೆನೆದು ಮಾಸ್ತರು ಕೂಡ ನಕ್ಕರು. ದಾರಿ ಇದ್ದದ್ದು ಒಂದೇ, ಬರುವಾಗ ನಾನು ಎಡಕ್ಕೆ ಉಸಿರು ತೆಗೆದುಕೊಳ್ಳುವುದು. ಒಂದು ವರ್ಷ ಮಾಸ್ತರು ಗಂಟಲು ಹರಿದುಕೊಂಡರೂ ಬಾರದ ಎಡಗಡೆಯ ಉಸಿರಿಗಾಗಿ ನಾನು ಅವತ್ತು ಸಂಜೆಯೇ ಬಾಲ್ದಿಯ ಮುಂದೆ ಕೂತೆ. ನೆಗ್ಗನ್ನು ಎಡಕ್ಕೆ ತಿರುಗಿಸಿ ಇಟ್ಟುಕೊಂಡೆ. ಮೂಗಿಗೆ ನೀರು ಹೋಗಿ ನೆತ್ತಿ ಉರಿದರೂ ಬಿಡಲಿಲ್ಲ. ಬಂತು. ಎಡಗಡೆಯದು ಬಂದ ಮೇಲೆ ನಾನು ಸೊಟ್ಟ ಹೋಗುವುದೂ ನಿಂತಿತು. ಬೆಂಡಿನ ಹಗ್ಗಗಳ ನಡುವೆ ಒಮ್ಮೆಯೂ ತಾಗದೆ ಹೋಗಿ ಬಂದ ದಿನ ಮಾಸ್ತರು ಸಂತೋಷದಿಂದ ಸೊಂಟದ ತನಕ ನೀರಿಗೆ ಇಳಿದುಬಿಟ್ಟರು. ಇಳಿದದ್ದು ಗೊತ್ತಾದ ಕೂಡಲೇ ಹತ್ತಿ ಹೋದರು.

ಮತ್ತೆ ಆಯ್ಕೆಯ ದಿನ ಬಂತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಆಯಿ, ಅವಳ ಪಕ್ಕ ನಾನು. ನನಗೆ ಒಂದು ಮಾತು ಹೇಳಬೇಕಿತ್ತು, ಹೇಳಲು ಧೈರ್ಯವಿರಲಿಲ್ಲ. ಕೊನೆಯಲ್ಲಿ ಗೋಡೆ ಹತ್ತಿರ ಬಂದಾಗ ಉಸಿರೇ ತೆಗೆದುಕೊಳ್ಳಬೇಡ, ಮುಖ ಒಳಗೇ ಇಟ್ಟು ಇದ್ದ ಬಲವೆಲ್ಲ ಹಾಕಿ ಬಾ, ಒಂದು ಉಸಿರಿಗೆ ಒಬ್ಬರು ಹಿಂದೆ ಬೀಳುತ್ತಾರೆ ಎಂದು ಮಾಸ್ತರು ಹಿಂದಿನ ದಿನ ಹೇಳಿದ್ದರು. ಅಂದರೆ ಅಷ್ಟು ಹೊತ್ತು ಆಯಿಗೆ ನಾನು ಅರ್ಧವೂ ಕಾಣುವುದಿಲ್ಲ. ಅಮದಳ್ಳಿ ದಾಟಿದ ಮೇಲೆ ಹೇಳಿದೆ. ಆಯಿ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಬಿಣಗಾ ಬಂದ ಮೇಲೆ ಕೇಳಿದಳು, ಎಷ್ಟು ಹೊತ್ತು ಎಂದು. ನೀನು ಒಂದು ಉಸಿರು ಹಿಡಿದು ಬಿಡುವಷ್ಟು ಹೊತ್ತು ಎಂದೆ. ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ಇಳಿಯುವ ತನಕ ಬಿಡಲಿಲ್ಲ.

ಕೊಳದ ಹತ್ತಿರ ಅದೇ ಕಾವಲಿನವನು ಇದ್ದ. ನನ್ನನ್ನು ಗುರುತು ಹಿಡಿದು ಮೊದಲೇ ಬೂಟು ಬಿಚ್ಚಿ, ಗಡಿಯಾರ ಕಳಚಿ ಜೇಬಿಗೆ ಹಾಕಿಕೊಂಡು ನಿಂತ.

ಧುಮುಕಿದೆ. ಬಲಕ್ಕೆ ಹೊರಳಿದೆ, ಬಾ. ಮುಖ ಒಳಗೆ, ಕಪ್ಪು ಪಟ್ಟೆ, ಹೊರಳಿದೆ, ಬಾ. ಎಷ್ಟು ಜನ ಏನೇನು ಕೂಗುತ್ತಿದ್ದರೋ, ನನಗೆ ಕೇಳಿದ್ದು ಅದೊಂದೇ. ಗೋಡೆಗೆ ಒದ್ದೆ, ಗೋಡೆ ಅಪ್ಪನ ದೋಣಿಯ ಹಾಗೆ ಓಡಿಹೋಗಲಿಲ್ಲ. ತಿರುಗಿ ಬರುವಾಗ ಎಡಕ್ಕೆ ಹೊರಳಿದೆ. ಆಯಿ ಅಲ್ಲೇ ಇದ್ದಳು, ಕೊಳದ ಅಂಚಿನಲ್ಲಿ, ಹಸಿರು ಸೀರೆ. ಬಾ. ಪಕ್ಕದ ಸಾಲಿನ ಹುಡುಗಿಯ ಕೈ ನನ್ನ ಕೈಯ ಸಮಕ್ಕೆ ಬರುತ್ತಿರುವುದು ಕಂಡಿತು. ಇನ್ನು ಇದೇ ಕೊನೆಯದು ಎಂದು ಒಂದು ಉಸಿರು ಎಳೆದುಕೊಂಡು ಮುಖ ಒಳಗಿಟ್ಟೆ.

ಅಲ್ಲಿಂದ ಗೋಡೆಯ ತನಕ ನನಗೆ ಏನೂ ಕೇಳಲಿಲ್ಲ. ಒಳಗೆ ಏನೂ ಕೇಳುವುದಿಲ್ಲ. ಎದೆ ಉರಿಯುತ್ತಿತ್ತು, ತಲೆ ಎತ್ತು ಎತ್ತು ಎಂದು ಮೈಯ ಪ್ರತಿ ಮೂಳೆಯೂ ಹೇಳುತ್ತಿತ್ತು. ಈಗ ಅವಳು ಕೂಗುತ್ತಾಳೆ, ಈಗ ಕೂಗಿಯೇಬಿಟ್ಟಿದ್ದಾಳೆ, ನನಗೆ ಕೇಳುತ್ತಿಲ್ಲ ಅಷ್ಟೇ ಎಂದು ಅನಿಸುತ್ತಿತ್ತು. ಕೈಗೆ ಗೋಡೆ ಸಿಕ್ಕಿತು. ತಲೆ ಎತ್ತಿದೆ. ಎತ್ತಿದ ಕೂಡಲೇ, ಪಂದ್ಯ ಏನಾಯಿತೆಂದೂ ನೋಡದೆ, ಬಲಗೈಯನ್ನು ಪೂರ್ತಿ ಮೇಲೆ ಮಾಡಿ ತೋರಿಸಿದೆ. ಕಾವಲಿನವನು ಒಂದು ಹೆಜ್ಜೆ ಮುಂದೆ ಬಂದು ಮಾಸ್ತರ ಮುಖ ನೋಡಿ ನಿಂತ.

ಆಯಿ ಅಂಚಿನಲ್ಲಿ ನಿಂತಿದ್ದಳು. ಕೂಗಿರಲಿಲ್ಲ. ಅವಳ ಕೆನ್ನೆಗಳು ಉಬ್ಬಿದ್ದವು, ತುಟಿ ಬಿಗಿದಿತ್ತು, ಮುಖ ಕೆಂಪಾಗಿತ್ತು. ನಾನು ಮುಖ ಒಳಗೆ ಹಾಕಿದ ಹೊತ್ತಿನಿಂದ ಅವಳೂ ಉಸಿರು ಹಿಡಿದು ನಿಂತುಬಿಟ್ಟಿದ್ದಳು. ನನ್ನ ಕೈ ಕಂಡ ಮೇಲೆ ಅದನ್ನು ಬಿಟ್ಟಳು, ಮೂಗಿನಿಂದಲೂ ಬಾಯಿಂದಲೂ. ಮತ್ತೆ ಬಗ್ಗಿ, ಮಾರ್ಕೆಟ್ಟಿನ ದನಿಯಲ್ಲಲ್ಲ, ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ, ಕೇಳಿದಳು.

“ಬಂದ್ಯೇನೇ?”

ಎರಡನೆಯವಳಾಗಿದ್ದೆ. ಟ್ರ್ಯಾಕ್‌ಸೂಟು ಸಿಕ್ಕಿತು, ಎರಡು ಅಳತೆ ದೊಡ್ಡದು. ಪೇಟೆಯಲ್ಲಿ ಓಡಾಡಿದ್ದೂ ಆಯಿತು, ತೋಳು ಮಡಿಚಿಕೊಂಡು. ರಾಜ್ಯಮಟ್ಟದಲ್ಲಿ ನನ್ನ ಹಿಂದೆ ಬಂದವರು ಬಹಳ ಜನ ಇರಲಿಲ್ಲ, ಅದನ್ನು ಇಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಮಾಸ್ತರು ವರ್ಗವಾಗಿ ಹೋದರು. ನಾನು ಈಗ ಕಾರವಾರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಈಜುವುದು ಅಪರೂಪ. ಉಳಿದಿರುವುದು ಈ ಮುಖ ತೊಳೆಯುವ ರೂಢಿ ಮಾತ್ರ.

ಅದು ದಮ್ಮಲ್ಲ, ಈಜಿನ ರೂಢಿ ಎಂದು ಹೇಳಿ ಅತ್ತೆಯವರ ಅನುಮಾನವನ್ನು ಕೊನೆಗೆ ಪರಿಹರಿಸಿದವಳೂ ಆಯಿಯೇ. ಪೇಟೆಗೆ ರಜೆ ಇದ್ದಾಗ ಅವಳು ನಮ್ಮಲ್ಲಿಗೆ ಬಂದು ಎರಡು ದಿನ ಇರುತ್ತಾಳೆ. ಬೆಳಿಗ್ಗೆ ಜಗಲಿಯಲ್ಲಿ ಇಬ್ಬರೂ ಬೀಗಿತ್ತಿಯರು ಚಹಾ ಕುಡಿಯುತ್ತ ಮಾತಾಡುತ್ತಿರುತ್ತಾರೆ. ಒಳಗೆ ನನ್ನ ಗುಳುಗುಳು ಶುರುವಾಗುತ್ತದೆ. ಆಗ ಆಯಿಯ ಮಾತು ಅರ್ಧಕ್ಕೆ ನಿಲ್ಲುತ್ತದಂತೆ, ಲೋಟ ಕೈಯಲ್ಲೇ ಉಳಿಯುತ್ತದಂತೆ, ಕೆನ್ನೆ ಉಬ್ಬುತ್ತದಂತೆ. ಇದನ್ನು ಅತ್ತೆಯವರೇ ನನಗೆ ಹೇಳಿದ್ದು. ನಾನು ನೀರಿನಿಂದ ಮುಖ ಎತ್ತಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡುವಷ್ಟರಲ್ಲಿ ಬಚ್ಚಲ ಬಾಗಿಲಿನ ಆಚೆಯಿಂದ ಆ ಪ್ರಶ್ನೆ ಬರುತ್ತದೆ. ಬಂದೆ ಆಯಿ ಎಂದು ನಾನು ಹೇಳಿದ ಮೇಲೆ ಅವಳು ಚಹಾ ಕುಡಿಯುತ್ತಾಳೆ.